ಅರೆ ಡಿಗ್ರಿಯ ಗೌಜಲಮರಿಗಳು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎದುರಿಗೆ ಸಿಕ್ಕಾಗ ಮೆಕ್ಯಾನಿಕ್ಕು, ಬೆನ್ನ ಹಿಂದೆ ಅರೆ ಡಿಗ್ರಿ. ಎರಡನೆಯ ಹೆಸರನ್ನು ಇಟ್ಟವನು ಪಕ್ಕದ ಬೇಕರಿಯವನು. ಒಮ್ಮೆ ಬೇಕರಿಯ ಓವನ್ನು ಕೆಟ್ಟಾಗ ಮೆಕ್ಯಾನಿಕ್ಕು ಅದನ್ನು ಸರಿಮಾಡಿಕೊಟ್ಟಿದ್ದ. ಅಷ್ಟಕ್ಕೇ ಸುಮ್ಮನಾಗದೆ ಆಮೇಲೂ ದಿನಾ ಬೆಳಿಗ್ಗೆ ಥರ್ಮಾಮೀಟರ್ ಹಿಡಿದುಕೊಂಡು ಬಂದು, ಇನ್ನೂ ಅರೆ ಡಿಗ್ರಿ ಹೆಚ್ಚಿಗೆ ಹೋಗುತ್ತಿದೆ ಎಂದು ಬೇಕರಿಯವನ ತಲೆ ತಿಂದ. ಬ್ರೆಡ್ಡು ಚೆನ್ನಾಗಿಯೇ ಬೇಯುತ್ತಿದೆ, ಬಿಟ್ಟುಬಿಡಪ್ಪ ಎಂದು ಕೈಮುಗಿದರೂ ಬಿಡಲಿಲ್ಲ. ಅಂದು ಅಂಟಿಕೊಂಡ ಹೆಸರು ಮತ್ತೆ ಬಿಡಲಿಲ್ಲ.

ಅವನ ಅಂಗಡಿ ಎಂದರೆ ಬೇಕರಿಗೂ ಇಸ್ತ್ರಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಒಂದು ಗೂಡು. ಮಿಕ್ಸಿ, ಕೆಟಲ್, ಇಸ್ತ್ರಿಪೆಟ್ಟಿಗೆ, ರೂಮ್ ಹೀಟರ್, ಹೀಗೆ ಬಿಸಿಯಾಗುವ ಮತ್ತು ಗಿರ್ರನೆ ತಿರುಗುವ ಸಾಮಾನುಗಳೆಲ್ಲ ನೆಲದಿಂದ ಸೂರಿನ ತನಕ. ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅವನು. ಗಿರಾಕಿಯ ಸಾಮಾನು ಎಂದರೆ ಅವನಿಗೆ ಹೆತ್ತ ಮಗುವಿದ್ದಂತೆ. ಒರೆಸಿ, ಎಣ್ಣೆ ಬಿಟ್ಟು, ಮೂರು ಸಲ ಪರೀಕ್ಷಿಸಿ ಕೊಡುವವನು. ಮನೆಯ ಸಾಮಾನಿನ ಕಥೆ ಮಾತ್ರ ಬೇರೆ. ಕರೆಗಂಟೆ ಸದ್ದು ಮಾಡದೆ ಎಷ್ಟೋ ಕಾಲವಾಗಿತ್ತು. ಫ್ಯಾನು ಎರಡನೆಯ ಸ್ಪೀಡಿನಲ್ಲಿ ಮಾತ್ರ ತಿರುಗುತ್ತಿತ್ತು. ಇಸ್ತ್ರಿಪೆಟ್ಟಿಗೆಯಂತೂ ಅಂಗಡಿಗೆ ಹೋದದ್ದು ತವರಿಗೆ ಹೋದ ಸೊಸೆಯ ಹಾಗೆ ಅಲ್ಲೇ ಕೂತುಬಿಟ್ಟಿತ್ತು. ಅವನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ನಮ್ಮ ಮನೆ ಸಾಮಾನು ರಿಪೇರಿ ಆಗಬೇಕಾದರೆ ನಾನೂ ಚೀಲ ಹಿಡಿದುಕೊಂಡು ಗಿರಾಕಿಯ ಹಾಗೆ ಬಂದು ನಿಲ್ಲಬೇಕೇನೋ ಎಂದು ಅವಳು ಆಡಿಕೊಂಡರೆ, ಅವನು ನಕ್ಕುಬಿಡುತ್ತಿದ್ದ. ಮನೆಯವರು ಎಲ್ಲಿಗೆ ಹೋಗುತ್ತಾರೆ, ಕಾಯುತ್ತಾರೆ ಬಿಡು ಎನ್ನುವುದು ಆ ನಗುವಿನ ಅರ್ಥ.

ಹಾಗೆ ಕಾಯುತ್ತಿದ್ದವರಲ್ಲಿ ಅವನ ಅಮ್ಮನೂ ಒಬ್ಬಳು. ವಯಸ್ಸಾಗಿತ್ತು, ಮೊಣಕಾಲು ಹಿಡಿದುಕೊಂಡು ಹೊರಗೆ ಓಡಾಡುವುದು ನಿಂತಿತ್ತು. ಮೈಯಲ್ಲಿ ರಕ್ತವಿಲ್ಲದವರಿಗೆ ಚಳಿ ಹೆಚ್ಚು. ಉಳಿದವರು ಕಿಟಕಿ ತೆರೆದು ಮಲಗುವ ಕಾಲದಲ್ಲೂ ಆಕೆಗೆ ಎರಡು ಸ್ವೆಟರ್, ಕಾಲುಚೀಲ, ಮೇಲೊಂದು ಕಂದು ಬಣ್ಣದ ಶಾಲು. ಗಂಡನಿದ್ದ ಕಾಲದ ಒಂದು ಹೀಟರ್ ಆಕೆಯ ಮಂಚದ ಪಕ್ಕದಲ್ಲಿತ್ತು. ಕಬ್ಬಿಣದ ಮೈ, ಮುಂದುಗಡೆ ಬಿಸಿ ಹೆಚ್ಚು ಕಡಿಮೆ ಮಾಡುವ ಕೆನೆಬಣ್ಣದ ಒಂದು ದಪ್ಪ ನಾಬ್. ಆಕೆಯ ಹಿರಿಯ ಮಗಳು, ಅಂದರೆ ಮೆಕ್ಯಾನಿಕ್ಕಿನ ಅಕ್ಕ, ಚಿಕ್ಕವಳಿದ್ದಾಗ ಅದರ ಮುಂದೆ ಮೇಣದ ಬತ್ತಿ ಹಚ್ಚಿಟ್ಟು ನಾಬಿನ ಒಂದು ಅಂಚು ಕರಗಿ ಹೋಗಿತ್ತು, ಅದಕ್ಕೆ ಮಗಳ ಬೆನ್ನಿಗೆ ಬಿದ್ದ ಏಟನ್ನು ಮನೆಯವರು ಇಂದಿಗೂ ನೆನೆಸಿಕೊಂಡು ನಗುತ್ತಿದ್ದರು. ಆ ಸಲದ ಚಳಿ ಶುರುವಾಗುವ ಹೊತ್ತಿಗೆ ಹೀಟರಿನ ವೈರು ಸುಟ್ಟುಹೋಯಿತು. ಅವನು ಅದನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ ಮೇಲಿನ ಹಲಗೆಯಲ್ಲಿಟ್ಟ. ವೈರು ಬದಲಾಯಿಸುವುದು ಟೀ ಆರುವುದರೊಳಗೆ ಮುಗಿಯುವ ಕೆಲಸ. ಆದರೆ ಅದು ಮನೆಯ ಸಾಮಾನು.

ಅದೇ ವಾರ ಒಬ್ಬ ಹೋಟೆಲಿನ ಅಡುಗೆಯವನು ಮಿಕ್ಸಿ ತೆಗೆದುಕೊಂಡು ಹೋಗಲು ಬಂದವನು ಖುಷಿಗೆ ಒಂದು ತಟ್ಟೆ ಗೌಜಲಹಕ್ಕಿ ಮೊಟ್ಟೆ ಕೊಟ್ಟು ಹೋದ. ಅವನ ಭಾವಮೈದುನ ಸಾಕುತ್ತಾನಂತೆ. ಬೆರಳ ಗಂಟಿನಷ್ಟು ಪುಟ್ಟ ಮೊಟ್ಟೆಗಳು, ಮೇಲೆಲ್ಲ ಮಸಿ ಚಿಮುಕಿಸಿದ ಹಾಗೆ ಚುಕ್ಕೆ. ಬೇಯಿಸಿ ತಿನ್ನಲಿ ಎಂದೇ ಅವನು ಕೊಟ್ಟದ್ದು. ಆದರೆ ಹೋಗುವಾಗ ಸುಮ್ಮನೆ ಹೋಗದೆ, ಈ ಸಾಕಿದ ಗೌಜಲಹಕ್ಕಿಗೆ ಕಾವು ಕೂರುವುದೇ ಮರೆತುಹೋಗಿದೆ, ಮೊಟ್ಟೆಯಿಟ್ಟು ತಿರುಗಿಯೂ ನೋಡದೆ ಹೊರಟುಹೋಗುತ್ತದೆ, ಮೆಷಿನ್ನಿಲ್ಲದೆ ಮರಿಯಿಲ್ಲ ಎಂದು ಒಂದು ಮಾತು ಬಿಟ್ಟು ಹೋದ. ಮೆಷಿನ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಮೆಕ್ಯಾನಿಕ್ಕಿನ ಕೈ ಕಡಿಯತೊಡಗಿತು. ಹುಟ್ಟಿದಾಗಿನಿಂದ ಬೇರೆಯವರು ಮಾಡಿದ್ದನ್ನು ಸರಿಮಾಡಿಯೇ ಬದುಕಿದವನು. ತನ್ನದು ಎಂದು ಒಂದನ್ನೂ ಮಾಡಿದವನಲ್ಲ. ಬೇಕರಿಯವನು ನನ್ನ ಓವನ್ನಿನಲ್ಲಿಡು, ಮರಿ ಬೇಗ ಬರುತ್ತೆ, ಬೆಂದೇ ಬರುತ್ತೆ ಎಂದು ನಕ್ಕಾಗ ಅವನ ಹಟ ಇನ್ನೂ ಗಟ್ಟಿಯಾಯಿತು.

ಮೀನಿನ ಅಂಗಡಿಯಿಂದ ಒಂದು ಥರ್ಮಾಕೋಲ್ ಪೆಟ್ಟಿಗೆ ತಂದು ವಾಸನೆ ಹೋಗುವ ತನಕ ತೊಳೆದ. ಒಳಗೆ ಬಲ್ಬು, ಗಾಳಿ ಸುತ್ತಲು ಒಂದು ಪುಟ್ಟ ಫ್ಯಾನು, ತೇವಕ್ಕೆ ನೀರಿನ ಬಟ್ಟಲು, ಮೇಲೆ ಗಾಜಿನ ಮುಚ್ಚಳ. ಇನ್ನು ಬೇಕಾದದ್ದು ಬಿಸಿಯನ್ನು ಹಿಡಿದು ನಿಲ್ಲಿಸುವ ಥರ್ಮೋಸ್ಟ್ಯಾಟ್. ಮೂವತ್ತೇಳೂವರೆ ಡಿಗ್ರಿ ಇರಬೇಕು, ಅದಕ್ಕಿಂತ ಹೆಚ್ಚಾದರೂ ಮರಿ ಸಾಯುತ್ತದೆ, ಕಡಿಮೆಯಾದರೂ ಸಾಯುತ್ತದೆ. ಪೇಟೆಯ ಹೊಸದೊಂದನ್ನು ಹಾಕಿ ನೋಡಿದ. ಅದು ಮನಸ್ಸು ಬಂದಾಗ ಹತ್ತುವುದು, ಮನಸ್ಸು ಬಂದಾಗ ಆರುವುದು. ಅವನ ಕಣ್ಣು ಮೇಲಿನ ಹಲಗೆಗೆ ಹೋಯಿತು.

ಅಮ್ಮನ ಹೀಟರಿನೊಳಗಿದ್ದದ್ದು ಹಳೆಯ ಕಾಲದ ಗಟ್ಟಿ ಥರ್ಮೋಸ್ಟ್ಯಾಟ್. ಒಂದು ತಿರುಪು ಸರಿಹೊಂದಿಸಿದರೆ ಹೇಳಿದ ಮಾತು ಕೇಳುವಂಥದ್ದು. ಅವನು ಅದನ್ನು ಬಿಚ್ಚಿದ. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಗಿರಾಕಿಯ ಸಾಮಾನಿನಿಂದ ಅವನು ಒಂದು ತಿರುಪನ್ನೂ ತೆಗೆದವನಲ್ಲ. ತೆಗೆದದ್ದು ಮನೆಯದರಿಂದ. ಮರಿಯಾಗುವ ತನಕ ಅಷ್ಟೇ, ಆಮೇಲೆ ಮತ್ತೆ ಹಾಕಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಥರ್ಮೋಸ್ಟ್ಯಾಟಿನ ಕಡ್ಡಿಗೆ ಬೇರೆ ಯಾವ ನಾಬೂ ಹೊಂದಲಿಲ್ಲ, ಆದ್ದರಿಂದ ನಾಬನ್ನೂ ಕಿತ್ತು ಹಾಕಿದ.

ಆ ಸಂಜೆ ಅಮ್ಮ, ಹೀಟರ್ ಆಯಿತೇನಪ್ಪ ಎಂದು ಕೇಳಿದಳು. ಅವನು ಬೂಟು ಬಿಚ್ಚುತ್ತ, ತಲೆ ಎತ್ತದೆ, ಅದರ ಪಾರ್ಟ್ ಸಿಗುತ್ತಿಲ್ಲಮ್ಮ, ಆರ್ಡರ್ ಹಾಕಿದ್ದೇನೆ ಎಂದ. ಪರವಾಗಿಲ್ಲ ಬಿಡು, ಬಂದಾಗ ಬರಲಿ ಎಂದಳು ಅಮ್ಮ. ಅವನ ಕಿವಿ ಬಿಸಿಯಾಯಿತು. ಅವನೇನೂ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕಿವಿ ಬಿಸಿಯಾಗುತ್ತಿರಲಿಲ್ಲ, ನನಗೂ ಈ ಕಥೆ ಹೇಳುವ ಕೆಲಸವಿರುತ್ತಿರಲಿಲ್ಲ. ಬೂಟು ಗೂಡಿಗೆ ಸೇರುವಷ್ಟರಲ್ಲಿ ಕಿವಿ ತಣ್ಣಗಾಯಿತು, ಅಷ್ಟೇ.

ಪೆಟ್ಟಿಗೆಯನ್ನು ಇಡುವುದೆಲ್ಲಿ? ಗಾಳಿ ನುಗ್ಗದ ಜಾಗ ಬೇಕು. ನಡುಮನೆಯಲ್ಲಿ ಬಾಗಿಲು, ಅಡುಗೆಮನೆಯಲ್ಲಿ ಕಿಟಕಿ. ಬೀದಿಗೆ ಬೆನ್ನು ಮಾಡಿಕೊಂಡ ಕೋಣೆ ಎಂದರೆ ಅಮ್ಮನದು. ಅಲ್ಲದೆ ಹಗಲೆಲ್ಲ ಅಲ್ಲಿ ಅಮ್ಮ ಇರುತ್ತಾಳೆ, ನೋಡಿಕೊಳ್ಳಲು ಒಂದು ಜನವಾಯಿತು. ಮಂಚದ ಪಕ್ಕದಲ್ಲಿ, ಹೀಟರ್ ಇರುತ್ತಿದ್ದ ಅದೇ ಸ್ಟೂಲಿನ ಮೇಲೆ, ಅದೇ ಪ್ಲಗ್ಗಿಗೆ ಪೆಟ್ಟಿಗೆ ಸೇರಿತು. ಕದ್ದ ಮಾಲನ್ನು ಕಳೆದುಕೊಂಡವಳ ಮುಂದೆಯೇ ಇಟ್ಟು, ಸ್ವಲ್ಪ ಕಾಯುತ್ತಿರು ಎಂದು ಹೇಳಿ ಹೋಗುವ ಕಳ್ಳನನ್ನು ನೀವು ಎಲ್ಲಿಯೂ ಕಂಡಿರಲಾರಿರಿ. ಅವನಿಗೆ ಅದು ಹೊಳೆಯಲೇ ಇಲ್ಲ. ಅವನ ಕಸುಬಿನಲ್ಲಿ ಬಿಚ್ಚಿಟ್ಟ ಪಾರ್ಟು ಬರೀ ಪಾರ್ಟು, ಅದಕ್ಕೆ ಒಡೆಯರಿರುವುದಿಲ್ಲ.

ಅಮ್ಮ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದಳು. ಕೈಚಾಚಿ ನಾಬನ್ನು ಮುಟ್ಟಿದಳು. ಇದನ್ನೆಲ್ಲ ನೀನೇ ಮಾಡಿದ್ದಾ ಎಂದು ಕೇಳಿದಳು. ಹೂಂ ಎಂದ. ಚೆನ್ನಾಗಿದೆ ಎಂದಳು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದು ಹಿಗ್ಗಿದ.

ಮೊಟ್ಟೆಗಳನ್ನು ಆಗಾಗ ತಿರುವಬೇಕು, ಇಲ್ಲದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಒಂದು ಬದಿಗೆ ಪೆನ್ಸಿಲ್ಲಿನಲ್ಲಿ ಗೀಟು, ಇನ್ನೊಂದು ಬದಿಗೆ ಸೊನ್ನೆ ಬರೆದು, ಗೀಟು ಮೇಲಿದ್ದರೆ ಸೊನ್ನೆ ಮೇಲೆ ಮಾಡು ಎಂದು ಅಮ್ಮನಿಗೆ ಹೇಳಿಕೊಟ್ಟ. ಅಮ್ಮ ಅಚ್ಚುಕಟ್ಟಾಗಿ ಮಾಡಿದಳು. ಆದರೆ ಹೊತ್ತು ಜಾಸ್ತಿ ತೆಗೆದುಕೊಳ್ಳುತ್ತಿದ್ದಳು. ಒಂದೊಂದೇ ಮೊಟ್ಟೆಯನ್ನು ನಿಧಾನವಾಗಿ ಹೊರಳಿಸಿ, ಎಲ್ಲ ಮುಗಿದ ಮೇಲೂ ಕೈಯನ್ನು ಒಳಗೇ ಬಿಟ್ಟುಕೊಂಡಿರುವಳು. ಅಷ್ಟರಲ್ಲಿ ಬಿಸಿ ಇಳಿದುಬಿಡುತ್ತಿತ್ತು. ಬೇಗ ಬೇಗ ತಿರುವಿ ಮುಚ್ಚಮ್ಮ, ಅರೆ ಡಿಗ್ರಿ ಕಮ್ಮಿಯಾದರೂ ಮರಿಗೆ ಚಳಿಯಾಗುತ್ತೆ ಎಂದು ಅವನು ಗೊಣಗುವನು. ಆಯಿತಪ್ಪ ಎನ್ನುವಳು. ಅಂಗಡಿಯಿಂದ ದಿನಕ್ಕೆ ಎಷ್ಟೋ ಸಲ ಫೋನು ಮಾಡುತ್ತಿದ್ದ. ಫೋನೆತ್ತಿದರೆ ಅವನ ಮೊದಲ ಮಾತು, ಈಗ ಎಷ್ಟಿದೆ? ಅಮ್ಮ ಕನ್ನಡಕ ಹಾಕಿಕೊಂಡು ಥರ್ಮಾಮೀಟರ್ ನೋಡಿ ಹೇಳುವಳು. ಅವನು ಫೋನಿಡುವನು. ಊಟ ಆಯಿತಾ, ಕಾಲು ಹೇಗಿದೆ ಎಂದು ಒಂದು ದಿನವೂ ಕೇಳಿದ್ದಿಲ್ಲ. ಮರೆತಿದ್ದ ಎಂದರೆ ಅವನಿಗೆ ಮರ್ಯಾದೆ ಕೊಟ್ಟಂತಾಗುತ್ತದೆ. ಅವನ ತಲೆಗೆ ಅದು ಬಂದೇ ಇರಲಿಲ್ಲ.

ಹೆಂಡತಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಅತ್ತೆಯ ಕಾಲಡಿಗೆ ಬಿಸಿನೀರಿನ ಚೀಲ ಇಟ್ಟು ಹೋಗುವಳು. ಅದು ಮಧ್ಯಾಹ್ನದೊಳಗೆ ಆರಿ ತಣ್ಣಗಾಗುತ್ತಿತ್ತು. ಅವಳು ಒಳಬಂದಾಗಲೆಲ್ಲ ಅತ್ತೆಯ ಶಾಲಿನ ಅಂಚು ಪೆಟ್ಟಿಗೆಯ ಒಂದು ಮೂಲೆಯನ್ನು ಮುಚ್ಚಿರುತ್ತಿತ್ತು. ಹೀಟರ್ ಏನಾಯಿತು ಎಂದು ಅವಳು ಕೇಳಿದಾಗಲೂ ಅದೇ ಉತ್ತರ, ಪಾರ್ಟ್ ಬರಬೇಕು. ಬೇರೆ ಊರಿನಲ್ಲಿದ್ದ ಅಕ್ಕ ಫೋನಿನಲ್ಲಿ ಕೇಳಿದಳು. ಪಾರ್ಟ್ ಬರಬೇಕು. ಒಂದೇ ಸುಳ್ಳನ್ನು ಅಷ್ಟು ಸಲ ಹೇಳಿದ ಮೇಲೆ ಅವನಿಗೇ ಅದು ನಿಜವೆನ್ನಿಸತೊಡಗಿತ್ತು. ಒಂದು ಸಂಜೆಯಂತೂ, ಥೂ, ಈ ಪಾರ್ಟಿನವರಿಗೆ ಜವಾಬ್ದಾರಿಯೇ ಇಲ್ಲ ಎಂದು ಇಲ್ಲದವರ ಮೇಲೆ ಕೋಪಿಸಿಕೊಂಡ.

ಎರಡು ವಾರ ಕಳೆದ ಮೇಲೆ ತಿರುವುವುದನ್ನು ನಿಲ್ಲಿಸಬೇಕು. ಮರಿ ಒಳಗೆ ತಲೆಯನ್ನು ಸರಿಯಾದ ಕಡೆಗೆ ಮಾಡಿಕೊಳ್ಳುವ ಹೊತ್ತು ಅದು. ಅಲ್ಲಿಂದ ಮುಂದೆ ಮುಚ್ಚಳ ತೆಗೆಯುವಂತೆಯೇ ಇಲ್ಲ. ತೆಗೆದರೆ ಒಳಗಿನ ಆವಿ ಹೋಗಿ, ಚಿಪ್ಪಿನೊಳಗಿನ ತೆಳುಪೊರೆ ಒಣಗಿ ಮರಿಯ ಮೈಗೆ ಬಿಗಿದುಕೊಳ್ಳುತ್ತದೆ, ಮತ್ತೆ ಅದು ಹೊರಗೆ ಬರಲಾರದು. ಇದನ್ನು ಅವನು ಮನೆಯಲ್ಲಿ ಎಲ್ಲರಿಗೂ ಮತ್ತೆ ಮತ್ತೆ ಹೇಳಿದ. ಇದ್ದವರಾದರೂ ಇಬ್ಬರೇ.

ಮೊಟ್ಟೆ ಒಡೆಯುವ ದಿನ ಬಂತು. ಬೆಳಿಗ್ಗೆಯೇ ಒಂದೆರಡು ಚಿಪ್ಪಿನಲ್ಲಿ ಸಾಸಿವೆಯಷ್ಟು ತೂತು. ಒಳಗಿನಿಂದ ಚಿಂವ್ ಎಂಬ ದನಿ. ಅವನು ಗಾಜಿಗೆ ಕಿವಿಯಿಟ್ಟು ಕೇಳಿದ. ಹೋಟೆಲಿನವರ ದೊಡ್ಡ ಕೆಟಲ್ ಅಂದೇ ಕೊಡಬೇಕಿತ್ತು, ಒಲ್ಲದ ಮನಸ್ಸಿನಿಂದ ಅಂಗಡಿಗೆ ಹೋದ. ಮಧ್ಯಾಹ್ನ ಓಡೋಡಿ ಬಂದು ನೋಡಿದರೆ ಒಂದಷ್ಟು ಮರಿ ಹೊರಬಂದು ಒದ್ದೆ ಮೈಯಲ್ಲಿ ತೆವಳುತ್ತಿವೆ. ಅರ್ಧಕ್ಕರ್ಧ ಮೊಟ್ಟೆಗಳು ಸುತ್ತಲೂ ಬಿರುಕು ಬಿಟ್ಟು ಹಾಗೇ ನಿಂತಿವೆ. ಬಿರುಕಿನಲ್ಲಿ ಪೊರೆ ಒಣಗಿ ಹಳದಿ ಕಾಗದದಂತಾಗಿದೆ. ಗಾಜಿನ ಒಳಮೈಯಲ್ಲಿ ಇರಬೇಕಾದ ಆವಿಯ ಹನಿ ಒಂದೂ ಇಲ್ಲ.

ಯಾರೋ ಮುಚ್ಚಳ ತೆಗೆದಿದ್ದಾರೆ ಎಂಬುದು ನೋಡಿದೊಡನೆ ಗೊತ್ತಾಯಿತು. ಚಿಮಟ ತಂದು ಪೊರೆ ಬಿಡಿಸಲು ಹೋದ. ಕೆಲವದರಲ್ಲಿ ರಕ್ತ ಬಂತು, ಕೆಲವು ಕೈಯಲ್ಲೇ ಸುಮ್ಮನಾದವು. ಆಗ ತಾನೆ ಕೆಲಸದಿಂದ ಬಂದ ಹೆಂಡತಿಯ ಮೇಲೆ ಮೊದಲು ಹಾರಿದ. ಅವಳು, ನಾನು ಬೆಳಿಗ್ಗೆಯಿಂದ ಮನೆಯಲ್ಲೇ ಇಲ್ಲ ಎಂದು ತಿರುಗಿ ಹೇಳಿದಳು. ಅಷ್ಟರಲ್ಲಿ ಮಂಚದ ಮೇಲಿಂದ ಅಮ್ಮ ಸಣ್ಣ ದನಿಯಲ್ಲಿ, ನಾನೇ ತೆಗೆದೆ ಕಣೋ ಎಂದಳು. ಮರಿ ಹೇಗಿದೆ ನೋಡೋಣ ಅನ್ನಿಸ್ತು ಎಂದು ಸೇರಿಸಿದಳು.

“ಗಾಜು ಇರೋದು ಯಾತಕ್ಕೆ? ಮೇಲಿಂದ ಕಾಣಲ್ವಾ? ಎಷ್ಟು ಸಲ ಹೇಳಿದ್ದೆ ನಿನಗೆ? ಇಷ್ಟು ಜೀವ ಹೋಯ್ತಲ್ಲ, ಅಷ್ಟೂ ತಿಳಿಯಲ್ವಾ?”

ಅವನು ಅಮ್ಮನ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ದನಿ ಬೀದಿಯ ತನಕ ಹೋಯಿತು. ಅಮ್ಮ ಎರಡೂ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡು, ತಪ್ಪಾಯ್ತಪ್ಪ ಎಂದಳು. ಹೆತ್ತವಳ ಬಾಯಲ್ಲಿ ಆ ಮಾತು ಕೇಳಿದ ಕೂಡಲೇ ಅವನು ಮುಖ ತಿರುಗಿಸಿದ. ಕ್ಷಮಿಸು ಎನ್ನುವ ಬದಲು ಸತ್ತ ಮೊಟ್ಟೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಗೆ ಹೋದ.

ಉಳಿದ ಮರಿಗಳು ಚೆನ್ನಾಗಿಯೇ ಬೆಳೆದವು. ಹೆಬ್ಬೆರಳ ಗಾತ್ರದ ಮೈ, ಬೆನ್ನ ಮೇಲೆ ಕಂದು ಗೀಟು, ಕಾಲಿನಲ್ಲಿ ಸ್ಪ್ರಿಂಗ್ ಇಟ್ಟ ಹಾಗೆ ಓಟ. ಅದೇ ಪೆಟ್ಟಿಗೆಯ ಗಾಜು ತೆಗೆದು ಮೆತ್ತನೆಯ ಬಲೆ ಹೊದಿಸಿದ, ಯಾಕೆಂದರೆ ಹೆದರಿದಾಗ ಅವು ನೆಟ್ಟಗೆ ಮೇಲಕ್ಕೆ ಹಾರಿ ತಲೆ ಒಡೆದುಕೊಳ್ಳುತ್ತವೆ. ಕಾಗದ ಹಾಸಿದರೆ ಕಾಲು ಜಾರಿ ಸೊಟ್ಟಗಾಗುತ್ತದೆ, ಅದಕ್ಕೆ ಹಳೆಯ ಟವೆಲ್ ಹಾಸಿದ. ನೀರಿನ ತಟ್ಟೆಯಲ್ಲಿ ಮುಳುಗಿ ಸಾಯುವಷ್ಟು ಪುಟ್ಟವು, ಅದಕ್ಕೆ ತಟ್ಟೆ ತುಂಬ ಗೋಲಿ ಹಾಕಿ, ಗೋಲಿಗಳ ಸಂದಿಯಿಂದ ಕುಡಿಯುವಂತೆ ಮಾಡಿದ. ಕಾಳನ್ನು ಮಿಕ್ಸಿಯಲ್ಲಿ ಹಾಕಿ ರವೆಯಂತೆ ಪುಡಿಮಾಡಿದ. ಥರ್ಮೋಸ್ಟ್ಯಾಟನ್ನು ಮಾತ್ರ ತೆಗೆಯಲಿಲ್ಲ. ಈ ಹಂತಕ್ಕೆ ಅದು ಬೇಕಾಗಿರಲಿಲ್ಲ. ಬಲ್ಬನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಸಾಕಿತ್ತು, ಅದು ಅವನಿಗೂ ಗೊತ್ತಿತ್ತು. ಆದರೆ ಥರ್ಮಾಮೀಟರಿನ ಮುಳ್ಳು ಕದಲದೆ ನಿಂತಿರುವುದನ್ನು ನೋಡುವುದೇ ಅವನಿಗೊಂದು ಸುಖ.

ಬೀದಿಯ ಜನ ನೋಡಲು ಬಂದರು. ಬೇಕರಿಯವನು ಬಂದು ಬಾಯಿ ಮುಚ್ಚಿಕೊಂಡು ನಿಂತ, ಅದೇ ದೊಡ್ಡ ಸರ್ಟಿಫಿಕೇಟು. ಬಂದವರು ಕಂಡದ್ದೆಂದರೆ ಮಂಚದ ಅಂಚಿಗೆ ಸರಿದು ಕೂತ ಅಮ್ಮ, ಬಲೆಯ ಸಂದಿಯಿಂದ ಒಳಗಿಟ್ಟ ಅವಳ ಕೈ, ಕೈಯ ಕೆಳಗೆ ಒತ್ತಿಕೊಂಡು ಮಲಗಿದ ಮರಿಗಳು. ಅಜ್ಜಿಗೆ ಮರಿಗಳೆಂದರೆ ಪ್ರಾಣ, ಗಳಿಗೆ ಬಿಟ್ಟಿರುವುದಿಲ್ಲ ಎಂದರು. ನಾನು ಮಾಡಿಕೊಟ್ಟದ್ದರಿಂದ ಅಮ್ಮನಿಗೂ ಹೊತ್ತು ಹೋಗುತ್ತಿದೆ ಎಂದು ಮೆಕ್ಯಾನಿಕ್ಕು ಎದೆಯುಬ್ಬಿಸಿದ. ಆ ಹೆಮ್ಮೆ ಹೆಚ್ಚು ದಿನ ಬಾಳಲಿಲ್ಲ.

ರಜೆಯ ದಿನ ಮಧ್ಯಾಹ್ನ ಅಕ್ಕ ಬಂದಳು. ಅವಳು ತನ್ನೂರಿನಲ್ಲಿ ಹೊಲಿಗೆಯಂಗಡಿ ಇಟ್ಟುಕೊಂಡವಳು, ಕೈಯೂ ಚುರುಕು, ಕಣ್ಣೂ ಚುರುಕು. ಬಾಗಿಲಲ್ಲಿ ಅವಳ ದನಿ ಕೇಳಿದ್ದೇ ಅಮ್ಮ ಅವಸರವಾಗಿ ಮೈಮೇಲಿನ ಶಾಲು ತೆಗೆದು ಪೆಟ್ಟಿಗೆಯ ಒಂದು ಮೂಲೆಯ ಮೇಲೆ ಹಾಕಿದ್ದನ್ನು ಯಾರೂ ಗಮನಿಸಲಿಲ್ಲ. ಅಕ್ಕ ಒಳಬಂದು ಮಂಚದ ಮೇಲೆ ಕೂತು ಅಮ್ಮನ ಎರಡೂ ಕೈ ಹಿಡಿದುಕೊಂಡಳು. ಹೆಂಡತಿ ಟೀ ತಂದಿಟ್ಟಳು. ಮೆಕ್ಯಾನಿಕ್ಕು ಮರಿಗಳ ವಿಷಯ ಶುರುಮಾಡಬೇಕೆಂದು ಬಾಯಿ ತೆರೆದಿದ್ದ.

“ಇದೇನಮ್ಮ, ಒಂದು ಕೈ ಬೆಚ್ಚಗಿದೆ, ಇನ್ನೊಂದು ಮಂಜುಗಡ್ಡೆ ಥರ ಇದೆ?” ಎಂದಳು ಅಕ್ಕ.

ಅಮ್ಮ ನಕ್ಕಳು. “ಸರದಿ ಕಣೇ. ಬೆಳಿಗ್ಗೆ ಈ ಕೈ ಒಳಗಿಡ್ತೀನಿ, ಮಧ್ಯಾಹ್ನದ ಮೇಲೆ ಆ ಕೈ. ಎರಡೂ ಒಟ್ಟಿಗೆ ಇಡೋಕೆ ಜಾಗ ಸಾಲಲ್ಲ, ಮರಿಗಳೂ ಇರಬೇಕಲ್ಲ.”

ಅಕ್ಕನೂ ನಕ್ಕಳು. ನಗುತ್ತಿದ್ದವಳು ನಡುವೆಯೇ ನಿಲ್ಲಿಸಿ, ಅಮ್ಮನ ಮುಖವನ್ನೂ ಸ್ವೆಟರುಗಳನ್ನೂ ಕಾಲುಚೀಲವನ್ನೂ ನೋಡಿದಳು. ಮೆಕ್ಯಾನಿಕ್ಕಿಗೆ ನಗು ಬರಲೇ ಇಲ್ಲ. ಅಮ್ಮ ಮೊಟ್ಟೆ ತಿರುವಲು ಯಾಕೆ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳು ಎಂಬುದು ಅವನಿಗೆ ಆಗ ತಿಳಿಯಿತು. ತಿರುವುವುದು ನಿಂತ ಮೇಲೆ, ಮುಚ್ಚಳ ತೆಗೆಯಬೇಡ ಎಂದ ಮೇಲೆ, ಆ ದಿನಗಳನ್ನು ಅವಳು ಹೇಗೆ ಕಳೆದಿದ್ದಳು? ಮೊಟ್ಟೆ ಒಡೆಯುವ ದಿನ ಮುಚ್ಚಳ ತೆಗೆದದ್ದು ಮರಿ ನೋಡುವ ಆಸೆಗಲ್ಲ. ಚಳಿ ತಡೆಯಲಾರದೆ ಕೈ ಇಟ್ಟಿದ್ದಾಳೆ. ಅದಕ್ಕೆ ಅವನು ಬೀದಿಗೆ ಕೇಳುವಂತೆ ಬೈದಿದ್ದ. ಅವಳು ತಪ್ಪಾಯಿತು ಎಂದಿದ್ದಳು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ.

ಹೀಟರ್ ಇನ್ನೂ ಆಗಿಲ್ಲವಾ ಎಂದು ಅಕ್ಕ ಅವನನ್ನೇ ಕೇಳಿದಳು. ಅವನು ಬಾಯಿ ಬಿಡುವ ಮೊದಲೇ ಅಮ್ಮ, ಅದರ ಪಾರ್ಟ್ ಎಲ್ಲೂ ಸಿಗುತ್ತಿಲ್ಲವಂತೆ, ಅವನು ಆರ್ಡರ್ ಹಾಕಿದ್ದಾನೆ, ಇವತ್ತೋ ನಾಳೆಯೋ ಬರುತ್ತೆ ಎಂದಳು. ತಾನು ಹೇಳಿದ ಸುಳ್ಳು ಅಮ್ಮನ ಬಾಯಿಂದ ಅಷ್ಟು ಅಕ್ಕರೆಯಿಂದ ಬರುವುದನ್ನು ಕೇಳಿ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಯಾರ ಮುಖವನ್ನೂ ನೋಡಲಾರದೆ ಪೆಟ್ಟಿಗೆಯ ಕಡೆ ತಿರುಗಿದ. ಮೂಲೆಯ ಮೇಲೆ ಶಾಲು ಬಿದ್ದಿತ್ತು, ಬಲ್ಬಿನ ಬದಿಗೇ. ಸದ್ಯ, ಕೈಗೆ ಏನೋ ಒಂದು ಕೆಲಸ ಸಿಕ್ಕಿತು. ಬಲ್ಬಿನ ಹತ್ತಿರ ಬಟ್ಟೆ ಹಾಕಬಾರದಮ್ಮ, ಬೆಂಕಿ ಹತ್ತುತ್ತೆ ಎನ್ನುತ್ತ ಕೈಹಾಕಿದ. ಬೇಡ, ಇರಲಿ ಬಿಡು ಎಂದು ಅಮ್ಮ ಮುಂದೆ ಬಾಗಿದಳು. ಅಷ್ಟರಲ್ಲಿ ಅವನು ಶಾಲನ್ನು ಎಳೆದಾಗಿತ್ತು.

ಅಲ್ಲಿ ಕೆನೆಬಣ್ಣದ ನಾಬ್ ಇತ್ತು.

ಅಕ್ಕ ಎದ್ದು ಬಂದು ಬಗ್ಗಿ ನೋಡಿದಳು. ಕರಗಿದ ಅಂಚಿನ ಮೇಲೆ ಬೆರಳಾಡಿಸಿದಳು. ಆ ಅಂಚಿಗಾಗಿ ಏಟು ತಿಂದವಳಿಗೆ ಯಾರೂ ಗುರುತು ಹೇಳಿಕೊಡಬೇಕಾಗಿರಲಿಲ್ಲ.

“ಇದು ಅಮ್ಮನ ಹೀಟರಿಂದು,” ಎಂದಳು.

ಅವನು ಹೌದು ಎಂದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, ಹಾಗಾದರೆ ಆ ಪಾರ್ಟ್ ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ಎಷ್ಟು ದಿನ ಬೆಳಿಗ್ಗೆ ಬಿಸಿನೀರಿನ ಚೀಲ ತುಂಬಿದ್ದಳೋ ಅಷ್ಟನ್ನೂ ಅವಳು ಲೆಕ್ಕ ಹಾಕುತ್ತಿರುವಂತೆ ಅವನಿಗೆ ಕಂಡಿತು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಟೀ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು, ಹಿಂದೆಯೇ ಹೆಂಡತಿಯೂ ಹೋದಳು. ಒಳಗೆ ನಲ್ಲಿ ಬಿಟ್ಟ ಸದ್ದಾಯಿತು, ಮಾತು ಕೇಳಿಸಲಿಲ್ಲ.

ಅವನು ಶಾಲನ್ನು ಅಮ್ಮನ ಹೆಗಲಿಗೆ ಹೊದಿಸಲು ಹೋದ. ಅಮ್ಮ ಅದನ್ನು ಕಿತ್ತುಕೊಂಡು ತಾನೇ ಹೊದ್ದುಕೊಂಡಳು. ಅಷ್ಟು ಸಿಟ್ಟನ್ನು ಅವನು ಆ ಮುಖದಲ್ಲಿ ನೋಡಿಯೇ ಇರಲಿಲ್ಲ.

“ಯಾಕೋ ಎಳೆದೆ ಅದನ್ನ?”

ಬೆಂಕಿ ಎಂದು ಏನೋ ತೊದಲಿದ. ಆಮೇಲೆ, ನಿನಗೆ ಗೊತ್ತಿತ್ತಾ ಎಂದು ಕೇಳಿದ.

“ಗೊತ್ತಿಲ್ಲದೆ ಏನು? ಇಷ್ಟು ವರ್ಷ ತಿರುಗಿಸಿದ ನಾಬ್. ಕಣ್ಣು ಮುಚ್ಚಿ ಮುಟ್ಟಿದ್ರೂ ಗೊತ್ತಾಗುತ್ತೆ. ನೀನು ತಂದಿಟ್ಟ ದಿನಾನೇ ಗೊತ್ತಾಯ್ತು.”

“ಮತ್ತೆ ಕೇಳಬೇಕಿತ್ತಲ್ಲಮ್ಮ. ಒಂದು ಮಾತು ಕೇಳಿದ್ರೆ ಅವತ್ತೇ ಹಾಕ್ಕೊಡ್ತಿದ್ದೆ.”

“ಏನಂತ ಕೇಳಲಿ? ಚಳಿ ಹೇಗೋ ತಡ್ಕೋಬಹುದು ಕಣೋ. ನನಗೆ ನಾಚಿಕೆಯಾಗಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗ ಹೀಗೆ ಮಾಡಿದ ಅಂತ ಯಾರ ಹತ್ರ ಹೇಳ್ಕೊಳ್ಳಲಿ? ನಿನ್ನ ಅಕ್ಕನಿಗೆ ಗೊತ್ತಾಗಬಾರದು, ನಿನ್ನ ಹೆಂಡತಿಗೆ ಗೊತ್ತಾಗಬಾರದು ಅಂತ ಇಷ್ಟು ದಿನ ಮುಚ್ಚಿಟ್ಟೆ. ನೀನು ಎಲ್ಲರ ಮುಂದೆ ಎಳೆದು ಹಾಕಿದೆ.”

ಅವನು ನೆಲದ ಮೇಲೆ ಕೂತ. ಕಾಲು ಹಿಡಿದುಕೊಳ್ಳಬೇಕೆನ್ನಿಸಿತು, ಕೈ ಮುಂದೆ ಹೋಗಲಿಲ್ಲ. ಅಮ್ಮ ಕ್ಷಮಿಸುತ್ತಾಳೆ, ಅವಳು ಕ್ಷಮಿಸಿಯೇ ಇದ್ದಾಳೆ ಎಂದು ಇಲ್ಲಿಯ ತನಕ ಅವನು ಒಳಗೊಳಗೇ ನಂಬಿಕೊಂಡಿದ್ದ. ಅವಳು ತನ್ನನ್ನು ನೆನೆದು ನಾಚಿಕೊಂಡಿದ್ದಾಳೆ, ಪ್ರತಿ ದಿನ, ಈ ಕೋಣೆಯಲ್ಲಿ, ಒಬ್ಬಳೇ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಎದ್ದು ಥರ್ಮೋಸ್ಟ್ಯಾಟ್ ಬಿಚ್ಚಿಕೊಂಡ. ಬಲ್ಬನ್ನು ಒಂದು ತಂತಿಗೆ ಕಟ್ಟಿ ಎತ್ತರ ಮಾಡಿ ಮರಿಗಳಿಗೆ ಬಿಟ್ಟ, ಅವು ಏನೂ ಆಗಿಲ್ಲವೇನೋ ಎಂಬಂತೆ ಅದರ ಕೆಳಗೆ ಸೇರಿಕೊಂಡವು. ಅಂಗಡಿಗೆ ಹೋಗಿ ಬಾಗಿಲು ಎತ್ತಿ ಹೀಟರನ್ನು ಇಳಿಸಿ, ವೈರು ಬದಲಾಯಿಸಿ, ಥರ್ಮೋಸ್ಟ್ಯಾಟ್ ಕೂರಿಸುತ್ತಿದ್ದಾಗ ಬೇಕರಿಯವನು ಟೀ ಕಳಿಸಿದ. ಅದು ಆರುವುದರೊಳಗೆ ಕೆಲಸ ಮುಗಿದಿತ್ತು. ಅಷ್ಟೇ ಹೊತ್ತಿನ ಕೆಲಸ ಎಂಬುದನ್ನು ಕಣ್ಣಾರೆ ಕಂಡು, ಅವನು ಆ ಟೀಯನ್ನು ಮುಟ್ಟದೆ ಎದ್ದ.

ಮಾರನೆಯ ಬೆಳಿಗ್ಗೆ ಅಕ್ಕ ಹೊರಟಳು. ಅಮ್ಮನಿಗೆ ಹೇಳಿದಳು, ತಮ್ಮನ ಹೆಂಡತಿಗೆ ಹೇಳಿದಳು, ಅವನಿಗೆ ಹೇಳದೆ ಹೋದಳು. ಹೆಂಡತಿ ಮಾತು ಬಿಡಲಿಲ್ಲ, ಬೇಕಾದಷ್ಟೇ ಆಡಿದಳು. ಅವನು ಅಮ್ಮನ ಕೋಣೆಯಲ್ಲಿ ನೆಲಕ್ಕೆ ಕೂತು ಮರಿಗಳ ನೀರು ಬದಲಾಯಿಸುತ್ತಿದ್ದಾಗ ಬೇಕರಿಯವನ ಹೆಂಡತಿ ಮರಿ ನೋಡಲು ಬಂದಳು. ಒಳಗೆ ಕಾಲಿಡುತ್ತಲೇ, ಅಬ್ಬ, ಕೋಣೆ ಎಷ್ಟು ಬೆಚ್ಚಗಿದೆ ಎಂದಳು.

“ಹೂಂ, ಹೀಟರ್ ಸರಿಹೋಯ್ತಲ್ಲ,” ಎಂದಳು ಅಮ್ಮ. ದನಿಯಲ್ಲಿ ಸಡಗರವಿತ್ತು. “ಹಳೇದು ನೋಡಿ, ಅದರ ಪಾರ್ಟ್ ಎಲ್ಲೂ ಸಿಗ್ತಿರಲಿಲ್ಲ. ಊರೆಲ್ಲ ಹುಡುಕಿ, ರಜೆ ದಿನಾನೂ ಅಂಗಡಿ ತೆಗೆದು ಮಾಡ್ಕೊಟ್ಟ. ನನ್ನ ಚಳಿ ನೋಡೋಕಾಗ್ದೆ ಒದ್ದಾಡಿಬಿಟ್ಟ, ಪಾಪ.”

ಇಂಥ ಮಗ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದಳು ಬೇಕರಿಯವನ ಹೆಂಡತಿ, ಮೆಚ್ಚುಗೆಯಿಂದ ಅವನ ಕಡೆ ತಿರುಗಿ. ಅಮ್ಮನೂ ಅವನ ಕಡೆ ನೋಡಿದಳು. ಅವನು ತಟ್ಟೆಯಲ್ಲಿದ್ದ ಗೋಲಿಗಳನ್ನು ಒಂದೊಂದಾಗಿ ತೊಳೆಯುತ್ತ ಇದ್ದ, ತೊಳೆದದ್ದನ್ನೇ ಮತ್ತೆ ತೊಳೆಯುತ್ತ ಇದ್ದ, ಬಂದವಳು ಹೊರಟುಹೋಗುವ ತನಕ ತಲೆ ಎತ್ತಲಿಲ್ಲ.